ಬ್ರಿಕ್‌ಟಾಪ್: ಹಾಡು, ಹೆಜ್ಜೆ, ಗಲ್ಲಾ – ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಕ್‌ಟಾಪ್ ಅಂದರೆ ಯಾರು? ಇದು ನಿಜವಾದ ಹೆಸರೇ?

ಪ್ಯಾರಿಸ್, ಮೆಕ್ಸಿಕೋ ನಗರ, ರೋಮ್‌ಗಳಲ್ಲಿ ರಾತ್ರಿ ಕ್ಲಬ್ ನಡೆಸಿದ ಅಮೆರಿಕದ ಕ್ಯಾಬರೆ ಗಾಯಕಿ, ನರ್ತಕಿ. ಇದು ನಿಜವಾದ ಹೆಸರಲ್ಲ, ಅಡ್ಡಹೆಸರು. ಹುಟ್ಟಿದ್ದು 1894ರ ಆಗಸ್ಟ್ 14ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾದ ಆಲ್ಡರ್‌ಸನ್ ಎಂಬ ಸಣ್ಣ ಊರಿನಲ್ಲಿ. ಮನೆಯವರು ಇಟ್ಟ ಹೆಸರು ಆಡಾ ಬಿಯಾಟ್ರಿಸ್ ಕ್ವೀನ್ ವಿಕ್ಟೋರಿಯಾ ಲೂಯಿಸ್ ವರ್ಜೀನಿಯಾ ಸ್ಮಿತ್. ಮಗುವಿಗೆ ಹೆಸರಿಡಲು ಅಕ್ಕಪಕ್ಕದವರೆಲ್ಲ ಮುಂದೆ ಬಂದಾಗ ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲರ ಹೆಸರನ್ನೂ ಸೇರಿಸಿದರು ಎಂದು ಅವರೇ ಹೇಳುತ್ತಿದ್ದರು. ಕಪ್ಪು ಜನಾಂಗದ ಕುಟುಂಬವಾದರೂ ಐರಿಷ್ ರಕ್ತವೂ ಬೆರೆತಿತ್ತು. ಹಾಗಾಗಿ ಕೂದಲು ಇಟ್ಟಿಗೆಯ ಕೆಂಪು, ಮುಖದ ಮೇಲೆ ಚುಕ್ಕೆಗಳು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕ್ಲಬ್ ನಡೆಸುತ್ತಿದ್ದ ಬ್ಯಾರನ್ ವಿಲ್ಕಿನ್ಸ್ ಆ ಕೂದಲು ನೋಡಿ 'ಬ್ರಿಕ್‌ಟಾಪ್' ಅಂದರು. ಇಟ್ಟಿಗೆತಲೆ ಎಂದಷ್ಟೇ ಅರ್ಥ. ಆ ಹೆಸರೇ ಮುಂದೆ ಮೂರು ದೇಶಗಳಲ್ಲಿ ರಾತ್ರಿ ಕ್ಲಬ್‌ಗಳ ಜೊತೆ ಬೆಸೆದುಕೊಂಡಿತು.

ಕ್ಯಾಬರೆ ಅಂದರೆ ಹಳೆಯ ಸಿನಿಮಾಗಳಲ್ಲಿ ಖಳನಾಯಕನ ಅಡ್ಡೆಯಲ್ಲಿ ನಡೆಯುವ ಕುಣಿತವಲ್ಲವೇ?

ಕನ್ನಡದಲ್ಲಿ ಆ ಪದಕ್ಕೆ ಅಂಟಿಕೊಂಡ ಅರ್ಥ ಅದು. ಬ್ರಿಕ್‌ಟಾಪ್ ವಿಷಯದಲ್ಲಿ ಅದನ್ನು ಪಕ್ಕಕ್ಕಿಡಿ. ಇಲ್ಲಿ ಕ್ಯಾಬರೆ ಎಂದರೆ ಹತ್ತಿಪ್ಪತ್ತು ಮೇಜುಗಳ ಸಣ್ಣ ಕೋಣೆ, ಊಟ, ಪಾನೀಯ, ನಾಲ್ಕೈದು ವಾದ್ಯಗಾರರು, ಮೇಜುಗಳ ನಡುವೆ ನಿಂತು ಹಾಡುವ ಒಬ್ಬರು. ಎತ್ತರದ ವೇದಿಕೆ ಇಲ್ಲ, ಪರದೆ ಇಲ್ಲ. ಕೇಳುವವರು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾಡುವುದೇ ಈ ಕಲೆಯ ಕಷ್ಟ. ಗಂಟಲು ಸ್ವಲ್ಪ ಕೈಕೊಟ್ಟರೂ ಗೊತ್ತಾಗುತ್ತದೆ, ಕಣ್ಣು ಎಲ್ಲಿ ನೋಡುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಇದನ್ನೆಲ್ಲ ಎಲ್ಲಿ ಕಲಿತರು?

ಷಿಕಾಗೋದಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ. ಕ್ಷೌರಿಕ ವೃತ್ತಿಯ ತಂದೆ ಬೇಗ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಷಿಕಾಗೋಗೆ ಬಂದರು. ಸ್ಟೇಟ್ ಸ್ಟ್ರೀಟಿನ ಸಲೂನ್‌ಗಳ, ಅಂದರೆ ಪಾನಗೃಹಗಳ, ಸದ್ದು ಬಾಲ್ಯದಿಂದಲೇ ಕಿವಿಗೆ ಬಿದ್ದಿತ್ತು. ಹದಿಹರೆಯದಲ್ಲಿ ಪೆಕಿನ್ ಥಿಯೇಟರ್‌ನ ಸಮೂಹ ಗಾಯನ, ಆಮೇಲೆ ಮಿಲ್ಲರ್ ಮತ್ತು ಲೈಲ್ಸ್ ಎಂಬ ಹಾಸ್ಯ ಜೋಡಿಯ ತಂಡದೊಂದಿಗೆ ಊರೂರು ತಿರುಗಾಟ, ಬಾಕ್ಸಿಂಗ್ ಚಾಂಪಿಯನ್ ಜಾಕ್ ಜಾನ್ಸನ್ ತೆರೆದಿದ್ದ ಕೆಫೆಯಲ್ಲಿ ಹಾಡುಗಾರಿಕೆ, ನಂತರ ಫ್ಲಾರೆನ್ಸ್ ಮಿಲ್ಸ್ ಮತ್ತು ಕೋರಾ ಗ್ರೀನ್ ಜೊತೆ 'ಪನಾಮಾ ಟ್ರಯೋ'.

ಕಲಿತ ಜಾಗಗಳಲ್ಲಿ ಜಾನ್ಸನ್ ಕೆಫೆ ಮತ್ತು ನ್ಯೂಯಾರ್ಕಿನ ಬ್ಯಾರನ್ ವಿಲ್ಕಿನ್ಸ್ ಕ್ಲಬ್ ಎರಡಕ್ಕೂ ನಾವು ಹೆಚ್ಚು ತೂಕ ಕೊಡುತ್ತೇವೆ. ಎರಡರ ಮಾಲೀಕರೂ ಕಪ್ಪು ಜನ. ಯಜಮಾನ ಬಾಗಿಲಲ್ಲಿ ಹೇಗೆ ನಿಲ್ಲಬೇಕು, ದೊಡ್ಡ ಗಿರಾಕಿಯನ್ನು ಹೇಗೆ ಮಾತಾಡಿಸಬೇಕು ಎಂಬ ಪಾಠ ಅಲ್ಲಿ ಕಣ್ಣೆದುರೇ ಸಿಕ್ಕಿತು. ಕಿವಿಯೂ ಚುರುಕಾಗಿತ್ತು. 1923ರಲ್ಲಿ ವಾಷಿಂಗ್ಟನ್ನಿನಿಂದ ಬಂದು ಕೆಲಸವಿಲ್ಲದೆ ಕೂತಿದ್ದ ಒಂದು ತಂಡವನ್ನು ಬ್ಯಾರನ್ ಕ್ಲಬ್ಬಿಗೆ ಸೇರಿಸಿಕೊಳ್ಳುವಂತೆ ಮಾಡಿದ್ದು ಬ್ರಿಕ್‌ಟಾಪ್. ಆ ತಂಡದ ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್, ಮುಂದೆ ಜಾಝ್ ಸಂಗೀತದ ದೊಡ್ಡ ಹೆಸರಾದವರು.

1924ರಲ್ಲಿ ಪ್ಯಾರಿಸ್‌ಗೆ ಹೋದದ್ದೇಕೆ? ಬಂದ ದಿನವೇ ಅತ್ತರಂತೆ, ನಿಜವೇ?

ನಿಜ. ಪ್ಯಾರಿಸ್ಸಿನ ಮೋಮಾರ್ತ್ ಪ್ರದೇಶದಲ್ಲಿ, 52, ರೂ ಪಿಗಾಲ್ (ಪಿಗಾಲ್ ಬೀದಿ) ವಿಳಾಸದಲ್ಲಿ 'ಲ ಗ್ರಾಂ ದ್ಯೂಕ್' ಎಂಬ ಕ್ಲಬ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಯೂಜೀನ್ ಬುಲ್ಲರ್ಡ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಪರವಾಗಿ ವಿಮಾನ ಹಾರಿಸಿದ ಅಮೆರಿಕನ್ ಕಪ್ಪು ಯೋಧ. ಅಲ್ಲಿ ಹಾಡುತ್ತಿದ್ದ ಫ್ಲಾರೆನ್ಸ್ ಎಂಬ್ರಿ ಜೋನ್ಸ್ ಬೇರೆ ಕ್ಲಬ್ಬಿಗೆ ಹೋದಾಗ ಖಾಲಿಯಾದ ಜಾಗಕ್ಕೆ ಹಾರ್ಲೆಮ್‌ನಿಂದ ಬ್ರಿಕ್‌ಟಾಪ್‌ಗೆ ಕರೆ ಹೋಯಿತು.

ಹಡಗಿಳಿದು ಬಂದು ನೋಡಿದರೆ ಹನ್ನೆರಡೇ ಮೇಜು, ಒಂದು ಪುಟ್ಟ ಬಾರ್. ಇದು ಬರೀ ಬಾರ್ ಇರಬೇಕು, ಕ್ಲಬ್ ಒಳಗೆಲ್ಲೋ ಇದೆ ಎಂದುಕೊಂಡಿದ್ದರು. ಇಷ್ಟೇ ಎಂದು ತಿಳಿದಾಗ ಕಣ್ಣೀರು ಬಂತು. ಅಡುಗೆಮನೆಯಿಂದ ಹೊರಬಂದ ಒಬ್ಬ ಹುಡುಗ ಸಮಾಧಾನ ಮಾಡಿ ತಿನ್ನಲು ಕೊಟ್ಟ. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಆ ಹುಡುಗ ಲ್ಯಾಂಗ್‌ಸ್ಟನ್ ಹ್ಯೂಸ್, ಮುಂದೆ ಅಮೆರಿಕದ ದೊಡ್ಡ ಕವಿಗಳಲ್ಲಿ ಒಬ್ಬರಾದವರು.

ಮೊದಮೊದಲು ಗಿರಾಕಿಗಳೂ ಕಡಿಮೆ. ಆದರೆ ಹನ್ನೆರಡು ಮೇಜಿನ ಕೋಣೆಯಲ್ಲಿ ಎಂಟು ಮೇಜು ತುಂಬಿದರೂ ಮನೆ ತುಂಬಿದಂತೆ ಕಾಣುತ್ತದೆ. ಅತ್ತದ್ದು ಯಾವ ಕೋಣೆಯನ್ನು ನೋಡಿಯೋ, ಆ ಕೋಣೆಯ ಚಿಕ್ಕ ಅಳತೆಯೇ ಅವರನ್ನು ಬೆಳೆಸಿತು ಎಂಬುದು ನಮ್ಮ ಅಭಿಪ್ರಾಯ.

ರಾಜಮನೆತನದವರಿಗೆಲ್ಲ ಚಾರ್ಲ್ಸ್‌ಟನ್ ಕುಣಿತ ಕಲಿಸಿದ್ದು ಹೇಗೆ ಶುರುವಾಯಿತು?

ಗೀತರಚನಕಾರ ಕೋಲ್ ಪೋರ್ಟರ್ ಒಂದು ರಾತ್ರಿ ಲ ಗ್ರಾಂ ದ್ಯೂಕ್‌ಗೆ ಬಂದರು. ಈಕೆಗೆ ಚಾರ್ಲ್ಸ್‌ಟನ್ ಬರುತ್ತದೆಂದು ತಿಳಿದದ್ದೇ ತಡ, ರೂ ಮೊಸ್ಯೂವಿನ ತಮ್ಮ ಮನೆಯ ಔತಣಗಳಿಗೆ ಕರೆಸಿ ಅತಿಥಿಗಳಿಗೆ ಕಲಿಸಲು ಹೇಳಿದರು. ಆ ಹೆಜ್ಜೆ ಆಗ ಅಮೆರಿಕದಿಂದ ಹೊಸದಾಗಿ ಬಂದಿತ್ತು. ಕಲಿಯುವ ಆಸೆ ಎಲ್ಲರಿಗೂ ಇತ್ತು, ಕಲಿಸುವವರು ಸಿಗುತ್ತಿರಲಿಲ್ಲ. 1926ರಲ್ಲಿ ಪೋರ್ಟರ್ ದಂಪತಿ ವೆನಿಸ್‌ನ ಅರಮನೆಯೊಂದನ್ನು ಬಾಡಿಗೆಗೆ ಹಿಡಿದಾಗ ಬ್ರಿಕ್‌ಟಾಪ್ ಅಲ್ಲಿಗೂ ಹೋದರು. ಆಗ ವೇಲ್ಸ್ ಯುವರಾಜನಾಗಿದ್ದ, ಮುಂದೆ ಎಂಟನೇ ಎಡ್ವರ್ಡ್ ಆದವರೂ ಇವರಿಂದ ಹೆಜ್ಜೆ ಕಲಿತವರೇ.

ವ್ಯಾಪಾರದ ಗುಟ್ಟು ಮುಂದಿನದು. ಹಗಲು ಮನೆಯಲ್ಲಿ ಕಲಿತವರು ರಾತ್ರಿ ಅದನ್ನು ತೋರಿಸಲು ಒಂದು ಜಾಗ ಬೇಕಲ್ಲ. ಆ ಜಾಗ ಗುರುವಿನ ಕ್ಲಬ್ಬೇ ಆಯಿತು. ಪಾಠದ ಶುಲ್ಕಕ್ಕಿಂತ ಹೆಚ್ಚಿನ ಲಾಭ ಬಂದದ್ದು ಹಾಗೆ ಬಂದವರು ಕೂತ ಮೇಜುಗಳಿಂದ.

ಆ ಹೆಜ್ಜೆಯನ್ನು ಮನೆಯಲ್ಲೇ ಕಲಿಯಬಹುದೇ?

ಖಂಡಿತ. ಎಂಟು ಎಣಿಕೆಯ ಒಂದು ಸುತ್ತು ಬಂದರೆ ಅರ್ಧ ಕಲಿತಂತೆ. ಮೊದಲು ಅಲುಗಾಟವಿಲ್ಲದೆ ಬರೀ ಹೆಜ್ಜೆ:

ಎರಡೂ ಪಾದ ಜೋಡಿಸಿ ನಿಂತು ಭಾರವನ್ನು ಬಲಗಾಲಿನ ಮೇಲೆ ಇಡಿ. ಒಂದಕ್ಕೆ ಎಡಗಾಲು ಮುಂದಿಟ್ಟು ಭಾರ ಅದರ ಮೇಲೆ ಹಾಕಿ, ಎರಡಕ್ಕೆ ನಿಲ್ಲಿ. ಮೂರಕ್ಕೆ ಬಲಗಾಲಿನ ತುದಿಯನ್ನು ಮುಂದೆ ನೆಲಕ್ಕೆ ತಾಗಿಸಿ (ಭಾರ ಹಾಕಬೇಡಿ), ನಾಲ್ಕಕ್ಕೆ ನಿಲ್ಲಿ. ಐದಕ್ಕೆ ಅದೇ ಬಲಗಾಲನ್ನು ಹಿಂದಕ್ಕೆ ತಂದು ಭಾರ ಹಾಕಿ, ಆರಕ್ಕೆ ನಿಲ್ಲಿ. ಏಳಕ್ಕೆ ಎಡಗಾಲಿನ ತುದಿಯನ್ನು ಹಿಂದೆ ತಾಗಿಸಿ, ಎಂಟಕ್ಕೆ ನಿಲ್ಲಿ. ಮತ್ತೆ ಎಡಗಾಲು ಮುಂದೆ, ಒಂದು.

ಕೈಗಳು ನಡೆಯುವಾಗಿನಂತೆಯೇ. ಬಲಗಾಲು ಮುಂದಿದ್ದರೆ ಎಡಗೈ ಮುಂದೆ.

ಇದು ಕೈವಶವಾದ ಮೇಲೆ ತಿರುವು ಸೇರಿಸಿ. ಚಾರ್ಲ್ಸ್‌ಟನ್ನಿನ ಜೀವ ಇರುವುದು ಇಲ್ಲೇ. ಭಾರವನ್ನು ಹಿಮ್ಮಡಿಯಿಂದ ತೆಗೆದು ಬೆರಳುಗಳ ಬುಡಕ್ಕೆ ತನ್ನಿ. ನಿಲ್ಲುವ ಎಣಿಕೆಗಳಲ್ಲಿ, ಅಂದರೆ ಎರಡು, ನಾಲ್ಕು, ಆರು, ಎಂಟರಲ್ಲಿ, ಹಿಮ್ಮಡಿಗಳನ್ನು ಹೊರಕ್ಕೆ ತಿರುಗಿಸಿ. ಹೆಜ್ಜೆ ಇಡುವ, ತಾಗಿಸುವ ಎಣಿಕೆಗಳಲ್ಲಿ ಒಳಕ್ಕೆ. ಮೊದಲು ಗೋಡೆ ಹಿಡಿದು, ಇದ್ದಲ್ಲೇ ನಿಂತು ಹೊರಗೆ–ಒಳಗೆ ಅಭ್ಯಾಸ ಮಾಡಿ.

ಕಾಲು ತೊಡಕಾಗುತ್ತದೆ, ಮಂಡಿ ನೋಯುತ್ತದೆ. ಎಲ್ಲಿ ತಪ್ಪುತ್ತಿದೆ?

ಮೊದಲು ಚಪ್ಪಲಿ, ಶೂ ನೋಡಿ. ರಬ್ಬರ್ ಅಟ್ಟೆ ನೆಲವನ್ನು ಕಚ್ಚುತ್ತದೆ. ಪಾದ ತಿರುಗದೆ ಮಂಡಿಯೇ ತಿರುಗಿ ನೋವು ಬರುತ್ತದೆ. ನುಣುಪಾದ ಚರ್ಮದ ಅಟ್ಟೆ ಬೇಕು. ಮನೆಯಲ್ಲಿ ದಪ್ಪ ಕಾಲುಚೀಲ ಹಾಕಿಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆ ಕಲಿಯಬಹುದು, ಆದರೆ ಜಾರದಂತೆ ಎಚ್ಚರ.

ಎರಡನೆಯದು, ಮಂಡಿಯನ್ನು ಬಿಗಿಯಾಗಿ ನೆಟ್ಟಗೆ ಇಡುವುದು. ಸ್ವಲ್ಪ ಬಾಗಿಯೇ ಇರಬೇಕು. ಮೂರನೆಯದು, ತಾಗಿಸುವ ಎಣಿಕೆಯಲ್ಲಿ ಭಾರ ಹಾಕಿಬಿಡುವುದು. ಹಾಗಾದರೆ ಮುಂದಿನ ಹೆಜ್ಜೆಗೆ ತಪ್ಪು ಕಾಲು ಖಾಲಿ ಇರುತ್ತದೆ, ತೊಡಕು ಅಲ್ಲಿಂದಲೇ. ಇನ್ನು ವೇಗ. ಆ ಕಾಲದ ಧ್ವನಿಮುದ್ರಣಗಳು ನಿಮಿಷಕ್ಕೆ 200 ಬಡಿತ ದಾಟುತ್ತವೆ. 120ರಿಂದ ಶುರು ಮಾಡಿ, ಮೈ ಬಿಸಿಯಾದ ಮೇಲೆ ಹತ್ತು ಹತ್ತರಂತೆ ಏರಿಸಿ.

ತಮ್ಮದೇ ಕ್ಲಬ್ ಯಾವಾಗ ತೆರೆದರು?

1926ರಲ್ಲಿ 'ಮ್ಯೂಸಿಕ್ ಬಾಕ್ಸ್' ಎಂಬುದನ್ನು ನಡೆಸಿದರು, ಹೆಚ್ಚು ಕಾಲ ಉಳಿಯಲಿಲ್ಲ. ಆಮೇಲೆ ಲ ಗ್ರಾಂ ದ್ಯೂಕ್ ಅನ್ನೇ ವಹಿಸಿಕೊಂಡರು. ಬಳಿಕ ತಮ್ಮ ಹೆಸರಿನ ಬೋರ್ಡ್ ಹಾಕಿದರು: 'ಬ್ರಿಕ್‌ಟಾಪ್ಸ್'. 1931ರಲ್ಲಿ 66, ರೂ ಪಿಗಾಲ್‌ನ ದೊಡ್ಡ ಜಾಗಕ್ಕೆ ಬಂದರು. ಬೇಸಿಗೆಯಲ್ಲಿ ಪ್ಯಾರಿಸ್ಸಿನ ಹಣವಂತರು ಸಮುದ್ರತೀರಕ್ಕೆ ಹೊರಟರೆ ಇವರೂ ಬಿಯಾರಿಟ್ಸ್‌ಗೆ ಹೋಗಿ ಅಲ್ಲಿ ಕ್ಲಬ್ ನಡೆಸುತ್ತಿದ್ದರು. ಗಿರಾಕಿ ಊರು ಬಿಟ್ಟ ಮೇಲೆ ಬಾಡಿಗೆ ಕಟ್ಟುತ್ತ ಕೂರುವುದರಲ್ಲಿ ಅರ್ಥವಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಒಂದು ರಾತ್ರಿ ಹೇಗೆ ನಡೆಯುತ್ತಿತ್ತು?

ಇಂಥ ಜಾಗಕ್ಕೆ ಜೀವ ಬರುವುದು ಮಧ್ಯರಾತ್ರಿಯ ನಂತರ. ನಾಟಕ, ಔತಣ ಮುಗಿಸಿಕೊಂಡು ಬಂದವರು ಬೆಳಕು ಹರಿಯುವವರೆಗೂ ಇರುತ್ತಿದ್ದರು. ಮೋಮಾರ್ತ್‌ನ ಕ್ಲಬ್‌ಗಳ ಸಾಮಾನ್ಯ ಪದ್ಧತಿ ಎಂದರೆ ಮೇಜಿಗೆ ಕೂತವರು ಷಾಂಪೇನ್ ಬಾಟಲಿ ತರಿಸಲೇಬೇಕು. ಒಂದೊಂದೇ ಲೋಟ ಕುಡಿಯುವವರು ಬಾರ್ ಬಳಿ ನಿಲ್ಲಬೇಕು. ಪ್ರವೇಶದ ಟಿಕೆಟ್, ಹಾಡಿನ ಶುಲ್ಕ ಎಲ್ಲ ಆ ಬಾಟಲಿಯ ಬೆಲೆಯೊಳಗೇ ಅಡಗಿರುತ್ತಿತ್ತು. ಸಣ್ಣ ಕೋಣೆಯಲ್ಲಿ ಒಂದು ಮೇಜು ಎರಡು ಗಂಟೆ ಒಂದೇ ಕಾಫಿ ಹಿಡಿದು ಕೂತರೆ ಅಂದಿನ ಬಾಡಿಗೆ ಹುಟ್ಟುವುದಿಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತೇ ತಿನ್ನುವ ವ್ಯವಸ್ಥೆಯ ಹಿಂದೆಯೂ ಇದೇ ಲೆಕ್ಕವಿದೆ, ದಾರಿ ಬೇರೆ.

ಬ್ರಿಕ್‌ಟಾಪ್ ಬಾಗಿಲ ಕಡೆ ಒಂದು ಕಣ್ಣಿಟ್ಟು ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮಧ್ಯೆ ಹಾಡುತ್ತಿದ್ದರು. ಲೆಕ್ಕವನ್ನೂ ತಾವೇ ನೋಡುತ್ತಿದ್ದರು. ಅಮೆರಿಕನ್ ಲೇಖಕ ರಾಬರ್ಟ್ ಮ್ಯಾಕಾಲ್ಮನ್ ಕಂಡು ಬರೆದ ಒಂದು ಚಿತ್ರವಿದೆ: ಬ್ರಿಕ್‌ಟಾಪ್ ಬಿಲ್ ಕೂಡುತ್ತಿದ್ದಾರೆ, ಬಾಯಲ್ಲಿ ಹಾಡು ನಡೆದಿದೆ, ಅಷ್ಟರಲ್ಲಿ ಒಂದು ಜಗಳ ಏಳುತ್ತದೆ. ಅದನ್ನು ತಣ್ಣಗಾಗಿಸಿ, ಬಿಟ್ಟಲ್ಲಿಂದ ಹಾಡು ಹಿಡಿಯುತ್ತಾರೆ. ಪೆನ್ಸಿಲ್ ಮಾತ್ರ ಕೈಬಿಟ್ಟಿಲ್ಲ. ಅವರ ಇಡೀ ವೃತ್ತಿ ಆ ಒಂದು ನೋಟದಲ್ಲಿ ಸಿಗುತ್ತದೆ. ಗಾಯಕಿ, ನರ್ತಕಿ ಎಂಬ ಬಿರುದುಗಳಿಗಿಂತ ಸಲೂನ್, ಅಂದರೆ ಪಾನಗೃಹ, ನಡೆಸುವವಳು ಎಂದು ಹೇಳಿಕೊಳ್ಳುವುದನ್ನೇ ಅವರು ಇಷ್ಟಪಟ್ಟರು. ಅದು ಸುಮ್ಮನೆ ವಿನಯಕ್ಕೆ ಹೇಳಿದ್ದಲ್ಲ. ಅವರಿಗಿಂತ ಚೆನ್ನಾಗಿ ಹಾಡುವವರು ಆ ಬೀದಿಯಲ್ಲೇ ಇದ್ದರು, ಅವರ ಹಾಗೆ ಒಂದು ಕೋಣೆಯನ್ನು ನಡೆಸಬಲ್ಲವರು ಇರಲಿಲ್ಲ.

ಶಿಸ್ತಿನಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಇರಲಿಲ್ಲ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಒಮ್ಮೆ ಮರ್ಯಾದೆ ಮೀರಿ ನಡೆದುಕೊಂಡಾಗ ಅವರನ್ನೂ ಹೊರಗೆ ಕಳಿಸಿದರು. ಮತ್ತೆ ಒಲಿಸಿಕೊಳ್ಳಲು ಸ್ಟೈನ್‌ಬೆಕ್ ಒಂದು ಟ್ಯಾಕ್ಸಿ ತುಂಬ ಗುಲಾಬಿ ಕಳಿಸಬೇಕಾಯಿತು.

ಊಟಕ್ಕೆ ಏನಿರುತ್ತಿತ್ತು?

ಲ ಗ್ರಾಂ ದ್ಯೂಕ್ ಕಾಲದಿಂದಲೂ ಅಮೆರಿಕನ್ ಮನೆಯಡುಗೆ, ಮುಖ್ಯವಾಗಿ ಕರಿದ ಕೋಳಿ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅಡುಗೆಗೆ ಕೊರತೆಯಿಲ್ಲ. ಬೆಳಗಿನ ಜಾವ ಮೂರಕ್ಕೆ ಹಸಿದ ಅಮೆರಿಕನ್ನನಿಗೆ ತನ್ನ ಊರಿನ ರುಚಿ ಸಿಗುವ ಜಾಗಗಳು ಕಡಿಮೆ. ದುಬೈನಲ್ಲೋ ಲಂಡನ್ನಿನಲ್ಲೋ ನಡುರಾತ್ರಿ ಬಿಸಿಬೇಳೆಬಾತ್ ಸಿಕ್ಕರೆ ನಮ್ಮವರು ಹುಡುಕಿಕೊಂಡು ಹೋಗುವುದಿಲ್ಲವೇ, ಹಾಗೆ.

ದೊಡ್ಡ ಗಾಯಕಿಯರು ಯಾರು ಹಾಡುತ್ತಿದ್ದರು?

ಮೊದಲು ಹೇಳಬೇಕಾದ ಹೆಸರು ಮೇಬಲ್ ಮರ್ಸರ್. ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆ 1931ರಿಂದ ಬ್ರಿಕ್‌ಟಾಪ್ಸ್‌ನ ಮುಖ್ಯ ಆಕರ್ಷಣೆ. ಮೇಜಿನಿಂದ ಮೇಜಿಗೆ ಹೋಗಿ, ಒಬ್ಬೊಬ್ಬರಿಗೇ ಹೇಳಿದಂತೆ ಹಾಡುವ ಕ್ರಮ ಇಲ್ಲಿ ಪಕ್ವವಾಯಿತು. ಮುಂದೆ ನ್ಯೂಯಾರ್ಕಿನಲ್ಲಿ ಕುರ್ಚಿಯ ಮೇಲೆ ಕೂತು, ಕೈಯನ್ನೂ ಹೆಚ್ಚು ಆಡಿಸದೆ, ಪದಗಳಿಂದಲೇ ಕಟ್ಟಿಹಾಕುವ ಮರ್ಸರ್ ಶೈಲಿಯಿಂದ ಗಾಯಕ ಫ್ರಾಂಕ್ ಸಿನಾಟ್ರಾ ಅಂಥವರೂ ಕಲಿತರು. ತನ್ನ ಕ್ಲಬ್ಬಿನಲ್ಲಿ ತನಗಿಂತ ಉತ್ತಮ ಗಾಯಕಿಯನ್ನು ಮುಂದೆ ನಿಲ್ಲಿಸಿ ತಾನು ಗಲ್ಲಾದ ಕಡೆ ಸರಿದದ್ದು ಬ್ರಿಕ್‌ಟಾಪ್ ತೆಗೆದುಕೊಂಡ ಅತ್ಯುತ್ತಮ ವ್ಯಾಪಾರದ ತೀರ್ಮಾನ.

ಜೋಸೆಫೀನ್ ಬೇಕರ್ ಜೊತೆಗಿನ ಸಂಬಂಧ?

ಅಮೆರಿಕದ ನರ್ತಕಿ, ಗಾಯಕಿ ಬೇಕರ್ 1925ರಲ್ಲಿ ಪ್ಯಾರಿಸ್‌ಗೆ ಬಂದಾಗ ಹತ್ತೊಂಬತ್ತರ ಹುಡುಗಿ. ರಾತ್ರೋರಾತ್ರಿ ಹೆಸರು ಬಂತು, ಹಸ್ತಾಕ್ಷರ ಕೇಳುವವರ ಸಾಲು ನಿಂತಿತು. ಬರೆಯುವುದು ಆಗ ಅವರಿಗೆ ಕಷ್ಟ. ಒಂದು ರಬ್ಬರ್ ಮುದ್ರೆ ಮಾಡಿಸಿಕೋ ಎಂದು ಬ್ರಿಕ್‌ಟಾಪ್ ಬುದ್ಧಿ ಹೇಳಿದರು. ಅಕ್ಕನಂಥ ಈ ಕಾಳಜಿ ಉಳಿಯಿತು. 1973ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬೇಕರ್ ಹಾಡಿದಾಗ ಸಭಿಕರಿಗೆ ಅವರನ್ನು ಪರಿಚಯಿಸಿದವರೂ ಬ್ರಿಕ್‌ಟಾಪ್.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಮುಚ್ಚಿಹೋದದ್ದೇಕೆ? 1929ರ ಷೇರುಪೇಟೆ ಕುಸಿತವೇ ಕಾರಣವೇ?

ಅದು ಶುರು ಮಾತ್ರ. 1931ರಲ್ಲಿ, ಕುಸಿತದ ಎರಡು ವರ್ಷದ ಮೇಲೆ, ಅವರು ದೊಡ್ಡ ಜಾಗಕ್ಕೆ ಹೋದದ್ದನ್ನು ಮರೆಯಬೇಡಿ. ನಿಜವಾದ ಪೆಟ್ಟು ಕೊಟ್ಟದ್ದು ಹಣದ ವಿನಿಮಯ ದರ.

ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 5 ಫ್ರಾಂಕ್ ಚಿಲ್ಲರೆ. 1926ರ ಜುಲೈಯಲ್ಲಿ ಅದು 40 ದಾಟಿತ್ತು. ಅಮೆರಿಕನ್ನರಿಗೆ ಪ್ಯಾರಿಸ್ ಅಗ್ಗವಾಗಿತ್ತು, ಅವರ ದೇಶದಲ್ಲಿ 1920ರಿಂದ ಪಾನನಿಷೇಧ ಬೇರೆ. ಆಮೇಲೆ ದರ ಸುಮಾರು 25.5ಕ್ಕೆ ನಿಂತಿತು. 1933ರಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಳಚಿಕೊಂಡಿತು, 1934ರ ಆರಂಭದಲ್ಲಿ ಒಂದು ಔನ್ಸ್ ಚಿನ್ನದ ಬೆಲೆಯನ್ನು 20.67ರಿಂದ 35 ಡಾಲರಿಗೆ ಏರಿಸಿತು. ಫ್ರಾನ್ಸ್ ತನ್ನ ಚಿನ್ನದ ದರಕ್ಕೇ ಅಂಟಿಕೊಂಡಿತು. ಪರಿಣಾಮ, ಒಂದು ಡಾಲರಿಗೆ ಸಿಗುತ್ತಿದ್ದದ್ದು 15 ಫ್ರಾಂಕ್ ಮಾತ್ರ. ಲೆಕ್ಕಕ್ಕೆ 100 ಫ್ರಾಂಕಿನ ಒಂದು ಬಾಟಲಿ ಹಿಡಿಯಿರಿ. ಮೊದಲು 3 ಡಾಲರ್ 92 ಸೆಂಟ್ ಇದ್ದದ್ದು 6 ಡಾಲರ್ 60 ಸೆಂಟ್ ಮೀರಿತು. ಯಜಮಾನಿ ಬೆಲೆ ಏರಿಸಿರಲಿಲ್ಲ, ಗಿರಾಕಿಯ ಜೇಬಿನಲ್ಲಿ ಬೆಲೆ ಏರಿತ್ತು. ಅದೇ 1933ರ ಕೊನೆಗೆ ಅಮೆರಿಕದಲ್ಲಿ ಪಾನನಿಷೇಧವೂ ಹೋಯಿತು. ಕುಡಿಯಲು ಹಡಗು ಹತ್ತುವ ಅಗತ್ಯವೇ ಉಳಿಯಲಿಲ್ಲ. ಇನ್ನೊಂದು ಕಡೆ, ವಿದೇಶಿ ದುಡಿಮೆಗಾರರ ಸಂಖ್ಯೆಗೆ ಮಿತಿ ಹಾಕುವ ಫ್ರಾನ್ಸಿನ 1932ರ ಕಾನೂನು ಅಮೆರಿಕನ್ ವಾದ್ಯಗಾರರಿಗೆ ಉರುಳಾಯಿತು.

ಕ್ಲಬ್ ಕೈಬಿಟ್ಟ ಮೇಲೆ ಬೇರೆಯವರ ಕಡೆ ಹಾಡಿದರು, 1938–39ರಲ್ಲಿ ಫ್ರೆಂಚ್ ಸರ್ಕಾರಕ್ಕಾಗಿ ರೇಡಿಯೋ ಕಾರ್ಯಕ್ರಮಗಳನ್ನು ನಡೆಸಿದರು. ಎರಡನೇ ಮಹಾಯುದ್ಧ ಶುರುವಾದಾಗ, 1939ರ ಅಕ್ಟೋಬರಿನಲ್ಲಿ, ವಿಂಡ್ಸರ್ ಡಚೆಸ್ (ಎಂಟನೇ ಎಡ್ವರ್ಡ್ ಅವರ ಪತ್ನಿ) ಮತ್ತು ಗೆಳತಿ ಲೇಡಿ ಮೆಂಡ್ಲ್ ನೆರವಿನಿಂದ ಅಮೆರಿಕದ ಹಡಗು ಹತ್ತಿದರು.

ಪ್ಯಾರಿಸ್ಸಿನಲ್ಲಿ ವರ್ಣಭೇದ ಇರಲೇ ಇಲ್ಲವೇ?

ಇತ್ತು. ವಸಾಹತುಗಳ ಜನರನ್ನು ಫ್ರಾನ್ಸ್ ನಡೆಸಿಕೊಂಡ ರೀತಿ ಬೇರೆಯೇ ಕಥೆ. ಆದರೆ ಅಮೆರಿಕದ ಕಪ್ಪು ಹೆಣ್ಣೊಬ್ಬಳು ತನ್ನ ಹೆಸರಿನ ಬೋರ್ಡ್ ಹಾಕಿ, ಬಿಳಿಯ ಶ್ರೀಮಂತರಿಗೆ ಎಲ್ಲಿ ಕೂರಬೇಕೆಂದು ಹೇಳುವುದು ಅಲ್ಲಿ ಸಾಧ್ಯವಿತ್ತು, ನ್ಯೂಯಾರ್ಕಿನಲ್ಲಿ ಸಾಧ್ಯವಿರಲಿಲ್ಲ. ಮರಳಿ ಹೋದ ಮೇಲೆ ಅದು ಅವರಿಗೆ ಕಹಿಯಾಗಿ ತಿಳಿಯಿತು. ಪ್ಯಾರಿಸ್ಸಿನಲ್ಲಿ ಅವರ ಮೇಜುಗಳಲ್ಲಿ ಕೂತವರಲ್ಲಿ ಅನೇಕರು ತಮ್ಮ ಊರಿನಲ್ಲಿ ಗೆರೆ ದಾಟಲು ಸಿದ್ಧರಿರಲಿಲ್ಲ.

ಮೆಕ್ಸಿಕೋ, ರೋಮ್ ಎಲ್ಲಿಂದ ಬಂದವು?

1943ರಲ್ಲಿ ಶ್ರೀಮಂತ ವಾರಸುದಾರಿಣಿ ಡೋರಿಸ್ ಡ್ಯೂಕ್ ನೀಡಿದ ಹಣದಿಂದ ಮೆಕ್ಸಿಕೋ ನಗರಕ್ಕೆ ಹೋಗಿ 1949ರವರೆಗೆ ಅಲ್ಲಿ ಕ್ಲಬ್ ನಡೆಸಿದರು. ಅದೇ 1943ರಲ್ಲಿ ಕ್ಯಾಥೊಲಿಕ್ ಧರ್ಮ ಸೇರಿದರು. ಕೊನೆಯವರೆಗೂ ನಿಷ್ಠೆಯಿಂದ ಪಾಲಿಸಿದರು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ತೆರೆದದ್ದು ಒಂದು ವರ್ಷವೂ ನಡೆಯಲಿಲ್ಲ. ಹಳೆಯ ಬೀದಿ ಇತ್ತು, ಹಳೆಯ ಗಿರಾಕಿಗಳು ಚದುರಿಹೋಗಿದ್ದರು. ಹಳೆಯ ಹೆಸರು ನಂಬಿ ಮತ್ತೆ ಬಾಗಿಲು ತೆರೆಯುವ ಹೋಟೆಲಿನವರು ಎಡವುವುದು ಇಲ್ಲೇ.

1951ರಲ್ಲಿ ರೋಮ್‌ನ ವಿಯಾ ವೆನೆಟೊದಲ್ಲಿ ತೆರೆದದ್ದು ಮಾತ್ರ ಕೈಹಿಡಿಯಿತು. ಅಮೆರಿಕನ್ ಚಿತ್ರ ಕಂಪನಿಗಳು ರೋಮ್‌ನ ಚಿನೆಚಿತ್ತಾ ಸ್ಟುಡಿಯೋಗಳಿಗೆ ಬರತೊಡಗಿದ್ದ ಕಾಲ ಅದು. ಹಣ, ಬಿಡುವು, ಮನೆಯಿಂದ ದೂರವಿರುವ ಅಮೆರಿಕನ್ನರು – 1924ರ ಪ್ಯಾರಿಸ್ಸಿನಲ್ಲಿದ್ದ ಮೂರೂ ಮತ್ತೆ ಒಂದೇ ಬೀದಿಯಲ್ಲಿ ಸೇರಿದ್ದವು. ಗರಿಗಳಿಂದ ಮಾಡಿದ ಉದ್ದನೆಯ ಶಲ್ಯ (ಬೋವಾ) ಹೆಗಲಿಗೆ, ಬೆರಳ ನಡುವೆ ಸಿಗಾರ್, ಹೀಗೆ ಅಲ್ಲಿನವರ ನೆನಪಿನಲ್ಲಿ ಉಳಿದರು. ಇಟಲಿಯ ಅನಾಥ ಮಕ್ಕಳಿಗಾಗಿ ಹಣವನ್ನೂ ಕೂಡಿಸಿದರು. ಅರವತ್ತರ ದಶಕದ ಮೊದಲ ಭಾಗದಲ್ಲಿ ಬೆಳಗಿನವರೆಗೆ ಎಚ್ಚರವಿರುವ ಬದುಕು ಸಾಕೆಂದು ಬಾಗಿಲು ಮುಚ್ಚಿ ಅಮೆರಿಕಕ್ಕೆ ಮರಳಿದರು.

ಮದುವೆ, ಸಂಸಾರ?

1929ರ ಡಿಸೆಂಬರಿನಲ್ಲಿ ನ್ಯೂ ಆರ್ಲಿಯನ್ಸ್ ಮೂಲದ ಸ್ಯಾಕ್ಸೋಫೋನ್ ವಾದಕ ಪೀಟರ್ ಡ್ಯೂಕಾಂಜ್ ಅವರನ್ನು ಮದುವೆಯಾದರು. ಕೆಲವು ವರ್ಷಗಳಲ್ಲಿ ಬೇರೆಯಾದರು, ವಿಚ್ಛೇದನ ಪಡೆಯಲಿಲ್ಲ.

'ಮಿಸ್ ಓಟಿಸ್ ರಿಗ್ರೆಟ್ಸ್' ಹಾಡನ್ನು ಇವರಿಗಾಗಿಯೇ ಬರೆದದ್ದೇ?

ಕೋಲ್ ಪೋರ್ಟರ್ ಅದನ್ನು ತನಗಾಗಿ ಬರೆದರು ಎಂದು ಬ್ರಿಕ್‌ಟಾಪ್ ಹೇಳುತ್ತಿದ್ದರು. ಅವರ ಹೆಸರಿನೊಂದಿಗೇ ಹಾಡು ಗುರುತಾಗಿದೆ. ರಂಗದ ಮೇಲೆ ಅದು ಮೊದಲು ಬಂದದ್ದು 1934ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ. ಎರಡರ ನಡುವೆ ವಿರೋಧವಿಲ್ಲ. ಪೋರ್ಟರ್ ಸ್ನೇಹಿತರ ಕೂಟಗಳಲ್ಲಿ ಹಾಡಿ ಹದಮಾಡಿದ್ದನ್ನೇ ರಂಗಕ್ಕೆ ಕೊಡುತ್ತಿದ್ದವರು.

ಈ ಲೋಕಕ್ಕೂ ಭಾರತಕ್ಕೂ ನಂಟಿದೆಯೇ?

ಇದೆ. ಯುರೋಪಿನಲ್ಲಿ ನುಡಿಸುತ್ತಿದ್ದ ಅಮೆರಿಕನ್ ಕಪ್ಪು ಕಲಾವಿದರಲ್ಲಿ ಕೆಲವರು ಪೂರ್ವಕ್ಕೆ ಹೊರಟರು. ಪಿಟೀಲು ವಾದಕ ಲಿಯಾನ್ ಆ್ಯಬಿ 1930ರ ದಶಕದ ಮಧ್ಯದಲ್ಲಿ ತಂಡದೊಂದಿಗೆ ಮುಂಬಯಿಯ ತಾಜ್ ಹೋಟೆಲಿಗೆ ಬಂದರು. ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್ ಕೂಡ ಅಲ್ಲಿ ನುಡಿಸಿದರು. ಗೋವಾದ ವಾದ್ಯಗಾರರು ಇವರಿಂದ ಕಲಿತದ್ದು ಮುಂದೆ ಹಿಂದಿ ಸಿನಿಮಾ ಸಂಗೀತದೊಳಗೆ ಹರಿಯಿತು.

ಈಗ ಅವರ ದನಿ, ಗುರುತು ಎಲ್ಲಿ ಸಿಗುತ್ತದೆ?

ಧ್ವನಿಮುದ್ರಣ ತೀರ ಕಡಿಮೆ. 1972ರಲ್ಲಿ ಸಂಗೀತ ಸಂಯೋಜಕ ಸೈ ಕೋಲ್‌ಮನ್ ಜೊತೆ ಮಾಡಿದ 'ಸೋ ಲಾಂಗ್ ಬೇಬಿ' ಒಂದಿದೆ. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ 1930ರ ದಶಕದಲ್ಲಿ ನುಡಿಸಿದ 'ಬ್ರಿಕ್‌ಟಾಪ್' ಕೇಳಿದರೆ ಆ ಕೋಣೆಯ ವೇಗ ಅಂದಾಜಾಗುತ್ತದೆ. 1983ರಲ್ಲಿ ಆತ್ಮಕಥೆ ಬಂತು, ಅದೇ ವರ್ಷ ವುಡಿ ಆ್ಯಲನ್ನರ 'ಜೆಲಿಗ್' ಚಿತ್ರದಲ್ಲಿ ತಾವಾಗಿಯೇ ಕಾಣಿಸಿಕೊಂಡರು. ಮರುವರ್ಷ, 1984ರಲ್ಲಿ, 89ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಪ್ಯಾರಿಸ್‌ಗೆ ಹೋದರೆ ನಕ್ಷೆಯಲ್ಲಿ 'ರೂ ಪಿಗಾಲ್' ಎಂದು ಹುಡುಕಬೇಡಿ, ಈಗ ಅದು ರೂ ಜಾಂ-ಬಾಪ್ತಿಸ್ತ್ ಪಿಗಾಲ್. ಮೆಟ್ರೋ 12ನೇ ಮಾರ್ಗದ ಪಿಗಾಲ್ ನಿಲ್ದಾಣದಲ್ಲಿ ಇಳಿದು, ಮೋಮಾರ್ತ್ ಬೆಟ್ಟಕ್ಕೆ ಬೆನ್ನು ಹಾಕಿ ಇಳಿಜಾರಿನಲ್ಲಿ ನಡೆದು 66 ಮತ್ತು 52ನೇ ಸಂಖ್ಯೆಗಳನ್ನು ಹುಡುಕಿ. ನ್ಯೂಯಾರ್ಕಿನಲ್ಲಾದರೆ ಸಮಾಧಿ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿದೆ. 4ನೇ ಸಂಖ್ಯೆಯ ಸಬ್‌ವೇ ರೈಲಿನ ಕೊನೆಯ ನಿಲ್ದಾಣ. ಜಾಗ ವಿಶಾಲ, ಬಾಗಿಲಲ್ಲೇ ನಕ್ಷೆ ಕೇಳಿ ಪಡೆಯಿರಿ. ಡ್ಯೂಕ್ ಎಲಿಂಗ್ಟನ್ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.